ಒಂದೇ ಸಂಖ್ಯೆಯ ಜೆರ್ಸಿ, ಇಬ್ಬರು ಆಟಗಾರರು: ಅಮೆರಿಕದ ಕಾಲೇಜು ಫುಟ್‌ಬಾಲಿನ ನಿಯಮವೇನು?

ಪ್ರಶ್ನೆ: ಮಾನ್ಯರೇ, ನಮ್ಮ ಮಗಳು ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ನಾವು ಅಲ್ಲಿಗೆ ಹೋಗಿದ್ದಾಗ ತನ್ನ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದಳು. ಚೆಂಡನ್ನು ಎಸೆಯುತ್ತಿದ್ದ ಹುಡುಗನ ಬೆನ್ನ ಮೇಲೆ 5 ಎಂದಿತ್ತು. ಸ್ವಲ್ಪ ಹೊತ್ತಿನ ನಂತರ ಎದುರಾಳಿಯನ್ನು ಹಿಡಿದು ಕೆಡವಿದವನ ಬೆನ್ನ ಮೇಲೂ ಅದೇ ತಂಡದ 5 ಇತ್ತು. ಇವರು ಒಬ್ಬರೇ ಅಥವಾ ಇಬ್ಬರೇ? ಇಬ್ಬರಾದರೆ ನಿಯಮ ಅದಕ್ಕೆ ಹೇಗೆ ಒಪ್ಪುತ್ತದೆ? ತಪ್ಪು ಮಾಡಿದವನನ್ನು ರೆಫರಿ ಗುರುತಿಸುವುದಾದರೂ ಹೇಗೆ?

ಉತ್ತರ: ನೀವು ನೋಡಿದವರು ಬೇರೆ ಬೇರೆ ಆಟಗಾರರಾಗಿರುವ ಸಂಭವವೇ ಹೆಚ್ಚು, ಮತ್ತು ಅದರಲ್ಲಿ ನಿಯಮಬಾಹಿರವಾದುದು ಏನೂ ಇಲ್ಲ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದ ಪ್ರಕಾರ ಒಂದು ತಂಡದಲ್ಲಿ ಇಬ್ಬರು ಒಂದೇ ಸಂಖ್ಯೆಯನ್ನು ಧರಿಸಬಹುದು. ಆದರೆ ಅದಕ್ಕೆ ಎರಡು ಷರತ್ತುಗಳಿವೆ. ಆ ಇಬ್ಬರೂ ಒಂದೇ ಡೌನಿನಲ್ಲಿ, ಅಂದರೆ ಚೆಂಡು ಆಟಕ್ಕೆ ಬಂದ ಕ್ಷಣದಿಂದ ಆ ಒಂದು ಆಟ ನಿಲ್ಲುವವರೆಗಿನ ಅವಧಿಯಲ್ಲಿ, ಒಟ್ಟಿಗೆ ಮೈದಾನದಲ್ಲಿ ಇರುವಂತಿಲ್ಲ. ಮತ್ತು ಒಂದು ಪಂದ್ಯದಲ್ಲಿ ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಒಂದೇ ಸಂಖ್ಯೆಯನ್ನು ಧರಿಸುವಂತಿಲ್ಲ. ಎರಡನೆಯ ಷರತ್ತು ಇಲ್ಲದೇ ಹೋದರೆ ಓಡುವುದರಲ್ಲಿ ಚುರುಕಾದ ಒಬ್ಬ ಕ್ವಾರ್ಟರ್‌ಬ್ಯಾಕನ್ನೂ (ಆಕ್ರಮಣವನ್ನು ನಡೆಸುತ್ತಾ ಚೆಂಡು ಎಸೆಯುವ ಆಟಗಾರ) ಎಸೆಯುವುದರಲ್ಲಿ ನಿಪುಣನಾದ ಇನ್ನೊಬ್ಬನನ್ನೂ ಒಂದೇ ಸಂಖ್ಯೆಯಲ್ಲಿ ಅದಲು ಬದಲು ಮಾಡುತ್ತಾ ಎದುರಾಳಿಗಳ ಕಣ್ಣಿಗೆ ಮಣ್ಣೆರಚಬಹುದಿತ್ತು.

ಇಂತಹ ಅವಕಾಶ ಏಕೆ ಬೇಕಾಯಿತು ಎಂಬುದಕ್ಕೆ ಕಾರಣ ಸರಳ ಲೆಕ್ಕದಲ್ಲಿದೆ. ಜೆರ್ಸಿಯ ಮೇಲೆ 0ಯಿಂದ 99ರವರೆಗಿನ ಸಂಖ್ಯೆಗಳಿಗೆ ಮಾತ್ರ ಜಾಗವಿದೆ. 07 ಎಂಬಂತೆ ಮುಂದೆ ಸೊನ್ನೆ ಹಚ್ಚಿ ಹೊಸ ಸಂಖ್ಯೆಗಳನ್ನು ಹುಟ್ಟಿಸುವುದಕ್ಕೂ ನಿಷೇಧವಿದೆ. ಆದರೆ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳಲ್ಲಿ, ವಿದ್ಯಾರ್ಥಿವೇತನ ಇಲ್ಲದೆ ಬಂದು ಸೇರುವ ಹುಡುಗರನ್ನೂ ಸೇರಿಸಿಕೊಂಡರೆ, ನೂರಕ್ಕೂ ಹೆಚ್ಚು ಮಂದಿ ಇರುವುದು ಬಹುಕಾಲದಿಂದ ಸಾಮಾನ್ಯವಾಗಿತ್ತು. 2025ರ ಜೂನ್ ತಿಂಗಳಲ್ಲಿ ಎನ್‌ಸಿಎಎ ಮತ್ತು ಆಟಗಾರರ ನಡುವಿನ ಮೊಕದ್ದಮೆಯಲ್ಲಿ ನ್ಯಾಯಾಲಯ ಅಂಗೀಕರಿಸಿದ ಒಪ್ಪಂದದ ನಂತರ, ಅದಕ್ಕೆ ಒಳಪಟ್ಟ ತಂಡಗಳಿಗೆ 105 ಆಟಗಾರರ ಮಿತಿ ಬಂದಿದೆಯಾದರೂ, ಅದು ಕೂಡ ನೂರನ್ನು ಮೀರಿದ್ದೇ. ಇದರ ಜೊತೆಗೆ ಆಕ್ರಮಣ ಪಡೆಯ, ಅಂದರೆ ಚೆಂಡು ತಮ್ಮದಾಗಿರುವಾಗ ಇಳಿಯುವ ಪಡೆಯ, ಮುಂಚೂಣಿಯಲ್ಲಿ ನಿಲ್ಲುವ ಐವರು, ಒದೆತದ ಸಂದರ್ಭಗಳನ್ನು ಬಿಟ್ಟರೆ, 50ರಿಂದ 79ರೊಳಗಿನ ಸಂಖ್ಯೆಗಳನ್ನೇ ಧರಿಸಬೇಕು. ಕೆಲವು ಸಂಖ್ಯೆಗಳನ್ನು ಹಿಂದಿನ ಮಹಾನ್ ಆಟಗಾರರ ಗೌರವಾರ್ಥ ಎತ್ತಿಟ್ಟಿರುತ್ತಾರೆ. ಸಿರಾಕ್ಯೂಸ್ ವಿಶ್ವವಿದ್ಯಾಲಯವು ಜಿಮ್ ಬ್ರೌನ್, ಎರ್ನಿ ಡೇವಿಸ್ ಮತ್ತು ಫ್ಲಾಯ್ಡ್ ಲಿಟ್ಲ್ ಧರಿಸಿದ್ದ 44ನ್ನು 2005ರಲ್ಲಿ ಹೀಗೆಯೇ ನಿವೃತ್ತಿಗೊಳಿಸಿತು. ಉಳಿದವುಗಳಲ್ಲೂ ಒಂದಂಕಿಯ ಸಂಖ್ಯೆಗಳಿಗೆ ಹುಡುಗರು ಮುಗಿಬೀಳುತ್ತಾರೆ, ತಂಡಕ್ಕೆ ಸೇರಿಸಿಕೊಳ್ಳುವಾಗ ಕೋಚ್‌ಗಳು ಅವುಗಳ ಆಸೆಯನ್ನೂ ತೋರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಂದು ಸಂಖ್ಯೆ ಹಂಚಿಕೆಯು ಇಷ್ಟು ವ್ಯಾಪಕವಾಗಿರುವುದಕ್ಕೆ ಸಂಖ್ಯೆಗಳ ಕೊರತೆಗಿಂತ ಈ ಆಸೆಯೇ ದೊಡ್ಡ ಕಾರಣ.

2020ಕ್ಕೆ ಮೊದಲು ಒಂದು ಸಂಖ್ಯೆಯನ್ನು ಎಷ್ಟು ಮಂದಿ ಧರಿಸಬಹುದೆಂಬುದಕ್ಕೆ ಮಿತಿಯೇ ಇರಲಿಲ್ಲ. ಆ ವರ್ಷ ನಿಯಮವನ್ನು ತಿದ್ದಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಒಂದೇ ಸಂಖ್ಯೆಯನ್ನು ಕೊಡಬಾರದೆಂದು ವಿಧಿಸಲಾಯಿತು, ಮತ್ತು ಅದಕ್ಕೆ ಪರಿಹಾರವೆಂಬಂತೆ 0ಯನ್ನೂ ಬಳಕೆಗೆ ತರಲಾಯಿತು.

ನೀವು ಕಂಡಂತಹದೇ ಒಂದು ಪ್ರಸಿದ್ಧ ಉದಾಹರಣೆ 2012ರ ನಾಟ್ರಡೇಮ್ ತಂಡದ್ದು. ಆ ವರ್ಷ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಎವರೆಟ್ ಗೋಲ್ಸನ್ ಮತ್ತು ರಕ್ಷಣಾ ಪಡೆಯ ನಾಯಕನಂತಿದ್ದ ಲೈನ್‌ಬ್ಯಾಕರ್ ಮ್ಯಾಂಟೈ ಟಿಯೊ ಇಬ್ಬರೂ 5ನ್ನೇ ಧರಿಸಿ, ತಂಡವು ಸಾಮಾನ್ಯ ಋತುವಿನ ಹನ್ನೆರಡೂ ಪಂದ್ಯಗಳನ್ನು ಗೆದ್ದಿತು. ಚೆಂಡು ಎದುರಾಳಿಗಳದಾದಾಗ ಆಕ್ರಮಣ ಪಡೆಯ ಬದಲು ರಕ್ಷಣಾ ಪಡೆ ಇಳಿಯುವುದರಿಂದ, ಒಬ್ಬನು ಮೈದಾನಕ್ಕೆ ಇಳಿದಾಗ ಇನ್ನೊಬ್ಬನು ಗೆರೆಯಾಚೆಗೆ ಬಂದಿರುತ್ತಿದ್ದನಾದ್ದರಿಂದ ತೊಡಕೇನೂ ಇರಲಿಲ್ಲ. ತದ್ವಿರುದ್ಧವಾಗಿ, 2024ರಲ್ಲಿ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಪಡೆದ ಕೊಲರಾಡೊದ ಟ್ರಾವಿಸ್ ಹಂಟರ್ 12ನೆಯ ಸಂಖ್ಯೆಯಲ್ಲಿ ಆಕ್ರಮಣ, ರಕ್ಷಣೆ ಎರಡರಲ್ಲೂ ಆಡುತ್ತಿದ್ದ. ಅಂತಹವನೊಂದಿಗೆ ಸಂಖ್ಯೆ ಹಂಚಿಕೊಂಡವನಿಗೆ ಮೈದಾನ ಕಾಣುವ ಅವಕಾಶವೇ ಅಪರೂಪ. ಆದರೆ ಹಂಟರ್‌ನಂತಹವರು ವಿರಳ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ರಕ್ಷಣೆಗೂ ನಿಲ್ಲುವುದಂತೂ ಇಂದಿನ ದೊಡ್ಡ ತಂಡಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ನಿಜವಾದ ಅಪಾಯವಿರುವುದು ಚೆಂಡನ್ನು ಒದೆಯುವ ಮತ್ತು ಒದೆತವನ್ನು ಎದುರಿಸುವ ವಿಶೇಷ ಪಡೆಗಳಲ್ಲಿ, ಏಕೆಂದರೆ ಅವುಗಳಿಗೆ ಆಕ್ರಮಣದಿಂದಲೂ ರಕ್ಷಣೆಯಿಂದಲೂ ಆಟಗಾರರನ್ನು ಆರಿಸಿಕೊಳ್ಳುತ್ತಾರೆ. ಪಂಟ್ ಪಡೆಯಲ್ಲಿ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗಳಿಗೆ ಬಿಟ್ಟುಕೊಡುವಾಗ ಇಳಿಯುವ ಪಡೆ) ಒಬ್ಬನಿಗೆ ಪೆಟ್ಟು ಬಿದ್ದು, ಸಹಾಯಕ ಕೋಚ್ ಅವಸರದಲ್ಲಿ ಮತ್ತೊಬ್ಬನನ್ನು ಒಳಗೆ ಅಟ್ಟಿದಾಗ, ಅವನ ಸಂಖ್ಯೆಯವನೇ ಆಗಲೇ ಒಳಗಿದ್ದರೆ ಅದು ದಂಡಾರ್ಹ ತಪ್ಪು. ಎದುರಾಳಿ ತಂಡ ದಂಡವನ್ನು ಒಪ್ಪಿಕೊಂಡರೆ ಆ ಆಟದಲ್ಲಿ ಗಳಿಸಿದ್ದೆಲ್ಲವೂ ವ್ಯರ್ಥವಾಗುತ್ತದೆ. ಇದನ್ನು ತಪ್ಪಿಸಲು ತಂಡದವರು ಸಾಮಾನ್ಯವಾಗಿ ಬೇರೆ ಸಂಖ್ಯೆಯ ಜೆರ್ಸಿಯೊಂದನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತಾರೆ. ಪಂದ್ಯದ ನಡುವೆ ಹೀಗೆ ಸಂಖ್ಯೆ ಬದಲಿಸಿದವನು ರೆಫರಿಗೆ ವರದಿ ಮಾಡಿಕೊಳ್ಳಬೇಕು, ರೆಫರಿಯು ಅದನ್ನು ಎದುರಾಳಿಗಳಿಗೆ ತಿಳಿಸಬೇಕು. ಗುಟ್ಟಾಗಿ ಬದಲಿಸಲು ಅವಕಾಶವಿಲ್ಲ.

ಇನ್ನು ಗುರುತಿಸುವ ವಿಚಾರ. ರೆಫರಿ ಮೈಕಿನಲ್ಲಿ ತಪ್ಪನ್ನು ಪ್ರಕಟಿಸುವಾಗ ಬರಿಯ ಸಂಖ್ಯೆಯನ್ನು ಹೇಳುವುದಿಲ್ಲ. ‘ಹೋಲ್ಡಿಂಗ್, ಆಫೆನ್ಸ್, ನಂಬರ್ 72’ (ಅಕ್ರಮವಾಗಿ ಹಿಡಿದ ತಪ್ಪು, ಆಕ್ರಮಣ ಪಡೆ, ಸಂಖ್ಯೆ 72) ಎಂದು ಪಡೆಯನ್ನೂ ಸೇರಿಸಿ ಹೇಳುತ್ತಾರೆ. ಒಂದು ಡೌನಿನಲ್ಲಿ ಒಂದು ಸಂಖ್ಯೆಯವನು ಒಬ್ಬನೇ ಇರಬೇಕಾದ್ದರಿಂದ ಅಷ್ಟರಲ್ಲಿಯೇ ಆಟಗಾರ ಯಾರೆಂಬುದು ನಿರ್ಧಾರವಾಗುತ್ತದೆ. ಪ್ರೇಕ್ಷಕರಿಗಾದರೆ ತಂಡದ ಪಟ್ಟಿಯಲ್ಲಿ ಸಂಖ್ಯೆಯ ಪಕ್ಕದಲ್ಲೇ ಆಟಗಾರನ ಸ್ಥಾನವನ್ನೂ ಅಚ್ಚು ಹಾಕಿರುತ್ತಾರೆ: ಒಂದು 5ರ ಮುಂದೆ ಕ್ವಾರ್ಟರ್‌ಬ್ಯಾಕ್ ಎಂದೂ ಇನ್ನೊಂದರ ಮುಂದೆ ಲೈನ್‌ಬ್ಯಾಕರ್ ಎಂದೂ ಇದ್ದರೆ ನೀವು ನೋಡಿದ ಇಬ್ಬರೂ ಸಿಕ್ಕಂತೆಯೇ. ವೃತ್ತಿಪರ ಎನ್‌ಎಫ್‌ಎಲ್ ಪಂದ್ಯ ನೋಡುವಾಗ ಈ ಪರದಾಟ ಬೇಕಾಗುವುದಿಲ್ಲ. ಋತುವಿನಲ್ಲಿ ಅಲ್ಲಿ ತಂಡಕ್ಕೆ 53 ಮಂದಿ ಮಾತ್ರ ಇರುವುದರಿಂದ ಪ್ರತಿಯೊಬ್ಬನಿಗೂ ಪ್ರತ್ಯೇಕ ಸಂಖ್ಯೆಯಿದೆ.