ಪೊರೆ ತೆಳ್ಳಗಾದರೆ ಸಾಕಾ?

ಪ್ರಶ್ನೆ: ಹಾಸನದಲ್ಲಿ ಇ.ಸಿ. (ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್) ಕೊನೆಯ ವರ್ಷ ಓದುತ್ತಿದ್ದೇನೆ. ಸಿಲಿಕಾನ್ ಚಿಪ್ ಮೇಲೆ ಬೆಳಕಿನಿಂದ ಪ್ರೆಶರ್ ಅಳೆಯುವ ಸೆನ್ಸರ್ ನನ್ನ ಪ್ರಾಜೆಕ್ಟ್. 1 ಮಿ.ಮೀ. ಅಗಲದ ದುಂಡು ಡಯಾಫ್ರಮ್ (ತೆಳು ಪೊರೆ), ಅದರ ನಟ್ಟನಡುವೆ ರಿಂಗ್ ರೆಸೊನೇಟರ್, ಅಂದರೆ ತನಗೆ ಹೊಂದುವ ತರಂಗಾಂತರದ ಬೆಳಕನ್ನಷ್ಟೇ ಹಿಡಿದು ಸುತ್ತಿಸುವ ಬಳೆ. ಸಿಮ್ಯುಲೇಶನ್ನಿನಲ್ಲಿ ಪೊರೆಯ ದಪ್ಪವನ್ನು 20 ಮೈಕ್ರಾನ್‌ನಿಂದ 10ಕ್ಕೆ ಇಳಿಸಿದೆ. ಬಾಗು 8 ಪಟ್ಟಾಯಿತು, ರೆಸೊನೆನ್ಸ್ (ರಿಂಗಿಗೆ ಹೊಂದುವ ಆ ತರಂಗಾಂತರ) ಸರಿದದ್ದು ಮಾತ್ರ 4 ಪಟ್ಟು. ಎಲ್ಲಿ ತಪ್ಪಿದ್ದೇನೆ? ಸಕಲೇಶಪುರದ ನಮ್ಮ ತೋಟದ ಸ್ಪ್ರಿಂಕ್ಲರ್ ಲೈನಿಗೆ ಇದನ್ನು ಹಾಕಬಹುದಾ ಅಂತ ಅಪ್ಪ ಬೇರೆ ಕೇಳುತ್ತಿದ್ದಾರೆ.

ಉತ್ತರ: ನೀವು ಎಲ್ಲೂ ತಪ್ಪಿಲ್ಲ. ಸಿಮ್ಯುಲೇಶನ್ ಸರಿಯಾಗಿಯೇ ಹೇಳಿದೆ. ದಪ್ಪ ಅರ್ಧವಾದರೆ ಬಾಗು 8 ಪಟ್ಟು, ಆದರೆ ಮೇಲ್ಮೈಯ ಸ್ಟ್ರೆಸ್ (ಒಳಗಿನ ಎಳೆತ-ಒತ್ತಡ) 4 ಪಟ್ಟು. ಪೊರೆ ಎಷ್ಟು ಕೆಳಗಿಳಿಯಿತು ಅನ್ನೋದು ರಿಂಗಿಗೆ ಬೇಕಿಲ್ಲ. ತನ್ನ ಸಿಲಿಕಾನ್ ಎಷ್ಟು ಹಿಗ್ಗಿತು, ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ನಿಧಾನಿಸುತ್ತದೆ ಎಂಬ ಅಳತೆ) ಎಷ್ಟು ಬದಲಾಯಿತು ಅನ್ನೋದಷ್ಟೇ ಅದಕ್ಕೆ ಗೊತ್ತಾಗುವುದು. ಲೆಕ್ಕದಲ್ಲಿ ಇವೆರಡೂ ಇರಲಿ. ಬರೀ ಉದ್ದ ಹಾಕಿ ಕೈಬಿಟ್ಟ ಪ್ರಾಜೆಕ್ಟ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ತೆಳ್ಳಗೆ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ನಾನಾದರೆ ಮೊದಲು ರಿಂಗಿನ ಜಾಗ ಬದಲಾಯಿಸುತ್ತೇನೆ. ಮೇಲಿನಿಂದ ಪ್ರೆಶರ್ ಬಿದ್ದಾಗ ಪೊರೆಯ ಮೇಲ್ಮೈ ನಡುವಿನಲ್ಲಿ ಕುಗ್ಗುತ್ತದೆ, ಅಂಚಿನಲ್ಲಿ ಹಿಗ್ಗುತ್ತದೆ. ಅಂಚಿನ ಸ್ಟ್ರೆಸ್ ನಡುವಿನದರ ಸುಮಾರು ಒಂದೂವರೆ ಪಟ್ಟು. ಆದರೆ ಅದು ಅಂಚಿನಿಂದ ನಡುವಿನ ಕಡೆಗೆ ಎಳೆಯುವ ಸ್ಟ್ರೆಸ್. ವೇವ್‌ಗೈಡ್ ಅನ್ನು (ಬೆಳಕು ಹರಿಯುವ ಕಾಲುವೆ) ಅಂಚಿನ ಗುಂಟ ಸುತ್ತಿಸಿದರೆ ಅದರ ಉದ್ದ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಇನ್ನು ಅಂಚಿನಿಂದ ಅಂಚಿಗೆ ನೇರವಾಗಿ ಎಳೆದಿರೋ, ಹಿಗ್ಗಿದ್ದು ಕುಗ್ಗಿದ್ದು ಒಂದಕ್ಕೊಂದು ವಜಾ! ಹಾಗಾಗಿ ಉದ್ದನೆಯ ರೇಸ್‌ಟ್ರ್ಯಾಕ್ ಆಕಾರ ತೆಗೆದುಕೊಳ್ಳಿ. ಅದರ ನೇರ ಭಾಗ ನಡುವಿನ ಕಡೆ ಮುಖ ಮಾಡಿರಲಿ, ಅಂಚಿನಿಂದ 100 ಮೈಕ್ರಾನ್ ಒಳಗೇ ಮುಗಿಯಲಿ. ಅಂಚಿನಿಂದ ಸುಮಾರು 190 ಮೈಕ್ರಾನ್ ಹತ್ತಿರ ಸ್ಟ್ರೆಸ್ ಸೊನ್ನೆಯಾಗಿ, ಆಮೇಲೆ ತಿರುವುಮುರುವಾಗುತ್ತದೆ.

ರಿಂಗ್ ಸುಮ್ನೆ ದೊಡ್ಡದು ಮಾಡಿ ಲಾಭವಿಲ್ಲ. ಉದ್ದ ಹೆಚ್ಚಿಸಿದರೆ ಲಾಭ ಸಿಗುವುದು ಬೆಳಕನ್ನು ಎರಡು ದಾರಿಗೆ ಒಡೆದು ಮತ್ತೆ ಕೂಡಿಸುವ ಮಾಕ್‌-ಜೆಂಡರ್ ವಿನ್ಯಾಸದಲ್ಲಿ.

ನಿಜವಾದ ತಲೆನೋವು ಬಿಸಿ. ತಮಟೆಯನ್ನು ಬೆಂಕಿಗೆ ಹಿಡಿದ ಮೇಲೆ ಅದರ ನಾದವೇ ಬೇರೆ, ಅಲ್ವಾ? ಸಿಲಿಕಾನ್ ರಿಂಗಿನದೂ ಅದೇ ಕಥೆ, ಕಾರಣ ಮಾತ್ರ ಬೇರೆ. ಬಿಸಿಗೆ ಸಿಲಿಕಾನ್‌ನ ಸೂಚ್ಯಂಕವೇ ಏರುತ್ತದೆ. 1550 ನ್ಯಾನೋಮೀಟರ್ ತರಂಗಾಂತರದ ಹತ್ತಿರ ಒಂದು ಡಿಗ್ರಿಗೆ ರೆಸೊನೆನ್ಸ್ ಸುಮಾರು 70–80 ಪಿಕೋಮೀಟರ್ ಸರಿಯುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 10 ಡಿಗ್ರಿ ವ್ಯತ್ಯಾಸ ಅಂದರೆ ಮುಕ್ಕಾಲು ನ್ಯಾನೋಮೀಟರ್. ನಿಮ್ಮ ಪ್ರೆಶರ್ ಸಿಗ್ನಲ್ ಅದರಲ್ಲಿ ಕೊಚ್ಚಿಕೊಂಡು ಹೋಗುತ್ತದೆ. ಅದೇ ಚಿಪ್ಪಿನಲ್ಲಿ, ಡಯಾಫ್ರಮ್ಮಿನ ಆಚೆ ದಪ್ಪ ಭಾಗದ ಮೇಲೆ, ಇನ್ನೊಂದು ರಿಂಗ್ ಇಡಿ. ಅದಕ್ಕೆ ಬಿಸಿ ತಾಗುತ್ತದೆ, ಪ್ರೆಶರ್ ತಾಗುವುದಿಲ್ಲ. ಎರಡರ ವ್ಯತ್ಯಾಸವನ್ನೇ ಓದಿ.

ಇನ್ನು ಅಪ್ಪನ ಪ್ರಶ್ನೆ. ಬಾಗು ದಪ್ಪದ ಐದನೇ ಒಂದು ಭಾಗ ದಾಟಿದರೆ ಲೆಕ್ಕ ನೇರ ಗೆರೆ ಬಿಡುತ್ತದೆ, ಅಂದರೆ ಪ್ರೆಶರ್ ದುಪ್ಪಟ್ಟಾದರೂ ಬಾಗು ದುಪ್ಪಟ್ಟಾಗುವುದಿಲ್ಲ. ನಿಮ್ಮ 10 ಮೈಕ್ರಾನ್ ಪೊರೆಗೆ ಆ ಮಿತಿ ಸುಮಾರು 30 ಕಿಲೋಪಾಸ್ಕಲ್. ಪಂಪಿನವರು ಒಂದು ಕೆಜಿ ಪ್ರೆಶರ್ ಅನ್ನುತ್ತಾರಲ್ಲ, ಅದೇ 98 ಕಿಲೋಪಾಸ್ಕಲ್. ಸ್ಪ್ರಿಂಕ್ಲರಿಗೆ ಅಂಥ ಎರಡು ಮೂರು ಕೆಜಿಯಾದರೂ ಬೇಕು. ಹೂಮಳೆ ಕೈಕೊಟ್ಟು ನೀರು ಹಾಯಿಸುವಾಗ ಹಳೇ ಮುಳ್ಳಿನ ಗೇಜೇ ಇರಲಿ ಅಂತ ಹೇಳಿ.