ಕಾಲ್ ಮುಗಿಸಿ ಆಟಕ್ಕೆ ಹೋಗುವವರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ನಾನು ಸಾಫ್ಟ್‌ವೇರ್ ಕೆಲಸದ ನಡುವೆ ಯಕ್ಷಗಾನದ ಚೆಂಡೆ ಕಲೀತಿರುವ ವಿಷ್ಯ ಎರಡು ಸಾಲು ಬರೆದದ್ದಷ್ಟೆ, ಅದಕ್ಕೇ ಇಷ್ಟು ಪತ್ರ ಬಂದಿದೆ. ಬರೆದವರಲ್ಲಿ ಹೆಚ್ಚಿನವರು ನನ್ನ ಹಾಗೇ ಐಟಿಯವರು, ಊರಲ್ಲೇ ಇದ್ದುಕೊಂಡು ಊರಿನ ಆಟ (ಅಂದ್ರೆ ಯಕ್ಷಗಾನ), ನೇಮ (ದೈವಾರಾಧನೆ), ಜಾತ್ರೆ ಎಲ್ಲ ತಪ್ಪಿಸ್ಕೊಳ್ತಾ ಇರುವವರು. ಕೆಲವಕ್ಕೆ ಇಲ್ಲಿ ಉತ್ತರ ಬರ್ದಿದ್ದೇನೆ. ಹೆಸರು ಹಾಕ್ಲಿಲ್ಲ, ಊರು ಸಾಕು.

ಪ್ರಶ್ನೆ: ಅಣ್ಣ, ನಂದು ಅಮೆರಿಕದ ಕ್ಲೈಂಟ್, ದಿನಾ ಸಂಜೆ ಕಾಲ್ ಇರ್ತದೆ. ನಿಮಗೆ ಚೆಂಡೆ ಕಲೀಲಿಕ್ಕೆ, ಆಟ ನೋಡ್ಲಿಕ್ಕೆ ಟೈಮ್ ಎಲ್ಲಿಂದ ಸಿಗ್ತದೆ? (ಸುರತ್ಕಲ್)

ಸಿಗುವುದಿಲ್ಲ ಮಾರಾಯ್ರೆ, ತೆಗ್ದಿಡ್ಬೇಕು. ನೀವು ಒಂದು ವಿಷ್ಯ ಗಮನಿಸಿದ್ದೀರಾ ಗೊತ್ತಿಲ್ಲ, ನವೆಂಬರ್ ಮೊದಲ ಆದಿತ್ಯವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗ್ತದೆ, ಅಲ್ಲಿಯವರೆಗೆ ನಮ್ಗೆ ಸಂಜೆ 6.30ಕ್ಕಿದ್ದ ಕಾಲ್ ಮಾರನೇ ದಿನದಿಂದ 7.30 ಆಗಿಬಿಡ್ತದೆ, ಸರಿಯಾಗಿ ಅದೇ ತಿಂಗಳು ನಮ್ಮ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವುದು! ಮಾರ್ಚ್ ಎರಡನೇ ಆದಿತ್ಯವಾರ ಆ ಗಂಟೆ ವಾಪಸ್ ಬರುವಷ್ಟರಲ್ಲಿ ಆಟದ ಸೀಸನ್ ಅರ್ಧಕ್ಕಿಂತ ಹೆಚ್ಚು ಮುಗ್ದಿರ್ತದೆ. ನಾನು ಇದನ್ನು ಟೀಮಲ್ಲಿ ಬಾಯಿಬಿಟ್ಟು ಹೇಳಿ, ಚಳಿಗಾಲಕ್ಕೆ ವಾರದಲ್ಲಿ ಎರಡು ದಿನದ ಕಾಲ್ ಬೆಳಿಗ್ಗೆಗೆ ಹಾಕಿಸ್ಕೊಂಡೆ, ಅಲ್ಲಿಯವರಿಗೆ ಅದು ರಾತ್ರಿ ಆಗ್ತದೆ, ಆದ್ರೂ ಒಪ್ಪಿದ್ರು, ಯಾಕಂದ್ರೆ ಅವ್ರಿಗೂ ಮಕ್ಕಳ ಆಟ, ಸ್ಕೂಲು ಅಂತ ಸಂಜೆ ಇರ್ತದಲ್ವಾ, ನಮ್ಮ ಸಂಜೆಯೂ ಅರ್ಥ ಆಗ್ತದೆ. ಕೇಳದೆ ಇದ್ರೆ ಯಾರೂ ಕೊಡುವುದಿಲ್ಲ.

ಈಗ ತುಂಬ ಕಡೆ ಕಾಲಮಿತಿ ಆಟ, ಸಂಜೆ ಶುರುವಾಗಿ ನಡುರಾತ್ರಿಗೆ ಮಂಗಳ ಹಾಡ್ತಾರೆ. ಬೆಳಗ್ಗಿನವರೆಗೆ ಕೂತು ನೋಡಿ ಬೆಳೆದವ ನಾನು, ನಿದ್ದೆಗಣ್ಣಲ್ಲಿ ರಾಕ್ಷಸ ವೇಷದ ಅಬ್ಬರಕ್ಕೆ ಎಚ್ಚರ ಆಗುವ ಸುಖ ಕಾಲಮಿತಿಯಲ್ಲಿ ಇಲ್ಲ ಅಂತ ನಂಗೆ ಬೇಜಾರುಂಟು, ಆದ್ರೆ ಬೆಳಿಗ್ಗೆ ಲಾಗಿನ್ ಆಗ್ಬೇಕಾದವ್ರಿಗೆ ಇದ್ರಿಂದ ಉಪಕಾರ ಆಗಿದೆ, ಅದು ಸುಳ್ಳಲ್ಲ.

ಇನ್ನು ಚೆಂಡೆ. ಆದಿತ್ಯವಾರ ಬೆಳಿಗ್ಗೆ ಎರಡು ಗಂಟೆ, ಅಷ್ಟೇ ಕ್ಲಾಸು. ಮೊದಲ ಮೂರು ತಿಂಗಳು ಚೆಂಡೆ ಮುಟ್ಲಿಕ್ಕೇ ಬಿಡ್ಲಿಲ್ಲ ಗುರುಗಳು, ಮರದ ಹಲಗೆ ಮೇಲೆ ಕೋಲು ಹಿಡಿದು ಏಕತಾಳ, ಆಮೇಲೆ ಝಂಪೆ, ತ್ರಿವುಡೆ. ಕೀಬೋರ್ಡಲ್ಲಿ ಇಡೀ ದಿನ ಬೆರಳು ಮಾತ್ರ ಓಡ್ತದೆ, ಮಣಿಗಂಟು ಸತ್ತೇ ಹೋಗಿರ್ತದೆ, ಚೆಂಡೆಗೆ ಬೇಕಾದ್ದು ಪೂರ್ತಿ ಮಣಿಗಂಟೇ. ಈಗ ನಿಂತು ಹೆಗಲಿಗೆ ಹಾಕ್ಕೊಂಡು ನುಡಿಸ್ತೇನೆ, ಎಡ ಹೆಗಲಲ್ಲಿ ಪಟ್ಟಿಯ ಅಗಲಕ್ಕೆ ಕೆಂಪು ಗುರ್ತು ಬೀಳ್ತದೆ, ಸೋಮವಾರ ಶರ್ಟು ಹಾಕುವಾಗ ಅದು ಉರೀತದೆ, ಆ ಉರಿ ನಂಗೆ ಇಷ್ಟ. ಅಪಾರ್ಟ್‌ಮೆಂಟಲ್ಲಿ ಅಭ್ಯಾಸ ಮಾಡ್ಬೇಡಿ ಆಯ್ತಾ, ಹಲಗೆಯೇ ಸಾಕು.

ಪ್ರಶ್ನೆ: ನಮ್ಮ ಕುಟುಂಬದ ಮನೆಯ ನೇಮಕ್ಕೆ ನಾಲ್ಕು ವರ್ಷದಿಂದ ಹೋಗ್ಲಿಕ್ಕೆ ಆಗ್ಲಿಲ್ಲ ಸರ್, ಪ್ರತೀ ಸಲ ಸಾಫ್ಟ್‌ವೇರ್ ರಿಲೀಸ್ ಇರ್ತದೆ. ಮ್ಯಾನೇಜರ್‌ಗೆ ಹೇಗೆ ಹೇಳುವುದು? (ಕಾರ್ಕಳ)

ಅಕ್ಕ, ನಿಮ್ಮ ಪತ್ರ ಓದಿ ನಂಗೆ ನನ್ನದೇ ನೆನಪಾಯ್ತು. ಬೆಂಗಳೂರಲ್ಲಿ ಇದ್ದಾಗ ಒಂದು ಕಂಪನಿಯಲ್ಲಿ ನಾನು ನೇಮಕ್ಕೆ ರಜೆ ಕೇಳಿದ್ದಕ್ಕೆ ಅಲ್ಲಿಯ ಮೇಲಿನವರು ಫ್ಯಾಮಿಲಿ ಫಂಕ್ಷನ್ ತಾನೆ, ಮುಂದಿನ ವಾರ ಇಟ್ಕೊಳ್ಳಿ ಅಂದ್ರು. ನಂಗೆ ಎಂತ ಹೇಳ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ, ಸುಮ್ನೆ ಕೂತು ಕೆಲ್ಸ ಮಾಡಿದೆ. ರಾತ್ರಿ ಅಪ್ಪ ಫೋನ್ ಮಾಡಿ ಮಾತೇ ಆಡ್ಲಿಲ್ಲ, ಫೋನನ್ನು ಅಂಗಳದ ಕಡೆ ಹಿಡಿದ್ರು. ದೈವದ ಕಾಲಿನ ಗಗ್ಗರದ ಸದ್ದು ಕೇಳ್ತಿತ್ತು, ಮಧ್ಯೆ ಮಧ್ಯೆ ಗಾಳಿ, ಆಮೇಲೆ ದೈವ ಸಂಸಾರದವರನ್ನೆಲ್ಲ ಹತ್ರ ಕರೆದು ನುಡಿ ಕೊಡುವ ದನಿ. ನಾನು ಪಿಜಿಯ ಟೆರೇಸಲ್ಲಿ ಚಪ್ಪಲಿ ಬಿಚ್ಚಿಟ್ಟು ನಿಂತಿದ್ದೆ. ಊರಿಗೆ ವಾಪಸ್ ಬರ್ಬೇಕು ಅಂತ ತೀರ್ಮಾನ ಮಾಡಿದ್ದು ಆ ರಾತ್ರಿಯೇ.

ಈಗ ಉಪಾಯ ಹೇಳ್ತೇನೆ. ನಮ್ಮ ತುಳು ತಿಂಗಳು ಸೌರಮಾನ, ಸಂಕ್ರಮಣದಿಂದ ಸಂಕ್ರಮಣಕ್ಕೆ ಲೆಕ್ಕ, ಹಾಗಾಗಿ ಇಂಗ್ಲಿಷ್ ತಾರೀಕಿಗೆ ಒಂದು ದಿನ ಆಚೀಚೆ ಆದ್ರೆ ಹೆಚ್ಚು. ಬಿಸು (ನಮ್ಮ ಹೊಸ ವರ್ಷ) ಏಪ್ರಿಲ್ 14 ಅಥ್ವಾ 15, ಬೇಷ ತಿಂಗಳ 10ಕ್ಕೆ ಬರುವ ಪತ್ತನಾಜೆ (ಆಟ, ನೇಮದ ಸೀಸನ್ ಮುಗಿಯುವ ದಿನ) ಮೇ 24ರ ಆಸುಪಾಸು, ಕೆಡ್ಡಸ (ಭೂಮಿ ತಾಯಿಯ ಹಬ್ಬ) ಫೆಬ್ರವರಿ ಎರಡನೇ ವಾರ. ಉಡುಪಿ ಪರ್ಯಾಯ ಅಂತೂ ಎರಡು ವರ್ಷಕ್ಕೊಮ್ಮೆ ಜನವರಿ 18, 2024ರಲ್ಲಿ ಪುತ್ತಿಗೆ ಮಠ, 2026ರಲ್ಲಿ ಶೀರೂರು ಮಠ. ನಿಮ್ಮ ಮನೆ ನೇಮ ಸಂಕ್ರಮಣದ ಲೆಕ್ಕದಲ್ಲಿ ಆಗುವುದಾದ್ರೆ ಜನವರಿಯಲ್ಲೇ ಇಡೀ ವರ್ಷದ ರಜೆ ಹಾಕಿಬಿಡಿ, ಹುಣ್ಣಿಮೆ ಲೆಕ್ಕದ್ದಾದ್ರೆ ಮನೆಯ ಹಿರಿಯರಲ್ಲಿ ಕೇಳಿ, ಪಂಚಾಂಗ ನೋಡಿ ಹೇಳ್ತಾರೆ. ರಿಲೀಸ್ ತಾರೀಕು ನಿಗದಿ ಆಗುವ ಮೊದಲೇ ನಿಮ್ಮ ರಜೆ ಕ್ಯಾಲೆಂಡರಲ್ಲಿ ಇದ್ರೆ ಮಾತೇ ಬೇರೆ. ಕಾರಣ ಬರೆಯುವಾಗ ಪರ್ಸನಲ್ ವರ್ಕ್ ಅಂತ ಹಾಕ್ಬೇಡಿ. ನಮ್ಮ ಮನೆ ದೈವದ ನೇಮ, ಸಂಸಾರದವರೆಲ್ಲ ಇರ್ಬೇಕು, ದಿನ ಬದಲಾಯಿಸ್ಲಿಕ್ಕೆ ಆಗುವುದಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಬರೀರಿ.

ಮತ್ತೆ ಒಬ್ರಿಗೊಬ್ರು ಆಗ್ಬೇಕು. ನಮ್ಮ ಟೀಮಲ್ಲಿ ಕೊಂಕಣಿ ಕ್ರಿಶ್ಚಿಯನ್ ಹುಡುಗಿ ಒಬ್ಳಿದ್ದಾಳೆ, ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಅವ್ರ ಹೊಸ ತೆನೆಯ ಹಬ್ಬ) ದಿನ ಅವಳ ಆನ್‌ಕಾಲ್ ಪಾಳಿ ನಾನು ನೋಡ್ತೇನೆ, ನಮ್ಮ ನೇಮದ ದಿನ ನನ್ನದನ್ನು ಅವ್ಳು. ಒಮ್ಮೆ ಫೆಸ್ತ್‌ನ ಮಾರನೇ ದಿನ ಅವ್ರ ಮನೆಯಿಂದ ಹೊಸ ತೆನೆಯ ನಾಲ್ಕು ಭತ್ತದ ಕಾಳು ಕಾಗದದಲ್ಲಿ ಕಟ್ಟಿ ತಂದು ನನ್ನ ಮಾನಿಟರ್ ಕೆಳಗೆ ಇಟ್ಟಿದ್ಳು, ಇನ್ನೂ ಅಲ್ಲೇ ಉಂಟು.

ಪ್ರಶ್ನೆ: ನಾನು ದಾವಣಗೆರೆ ಕಡೆಯವ, ಕೆಲಸಕ್ಕೆ ಮಂಗಳೂರಿಗೆ ಬಂದು ಒಂದು ವರ್ಷ ಆಯ್ತು. ದೈವದ ಕೋಲ ನೋಡೋಕೆ ಕರೀದೆ ಹೋಗಬಹುದಾ? ಫೋಟೋ ಹವ್ಯಾಸ ಇದೆ, ವಿಡಿಯೋ ಮಾಡಬಹುದಾ? (ಬಿಜೈ)

ಧಾರಾಳ ಹೋಗಿ, ಬಂದವರನ್ನು ಊಟ ಹಾಕದೆ ಕಳಿಸುವ ಕ್ರಮ ಇಲ್ಲಿಲ್ಲ. ಆದ್ರೆ ಬೇಗ ಹೋಗಿ, ಹೆಚ್ಚಿನವರು ದೈವ ಕುಣಿಯುವಾಗ ಮಾತ್ರ ಬರ್ತಾರೆ, ನಿಜವಾಗಿ ನೋಡ್ಬೇಕಾದ್ದು ಅದಕ್ಕೆ ಮೊದಲು. ದೈವದ ವೇಷ ಕಟ್ಟುವವರು ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚಿಕೊಂಡು ಕೂತಿರ್ತಾರೆ, ಪಕ್ಕದಲ್ಲಿ ಅವ್ರ ಮನೆಯ ಹೆಂಗಸು ತೆಂಬರೆ ಅನ್ನುವ ಸಣ್ಣ ವಾದ್ಯ ಬಡಿಯುತ್ತಾ ಪಾಡ್ದನ (ದೈವದ ಕಥೆಯ ಹಾಡು) ಹೇಳ್ತಾರೆ, ಎಳೆ ತೆಂಗಿನ ಗರಿಯನ್ನು ಸೀಳಿ ಸೀಳಿ ದೈವದ ಉಡುಗೆಗೆ ಸಿರಿ ಮಾಡ್ತಿರ್ತಾರೆ, ಆ ಹಸಿ ಗರಿಯ ವಾಸನೆ ನಿಮ್ಗೆ ಮರೀಲಿಕ್ಕಿಲ್ಲ. ಕ್ಯಾಮೆರಾದ ವಿಷ್ಯಕ್ಕೆ ಬಂದ್ರೆ ಮೊದಲು ಗುತ್ತಿನವರಲ್ಲೋ (ಊರಿನ ಹಿರಿ ಮನೆತನದವರು) ಮನೆಯವರಲ್ಲೋ ಕೇಳಿ, ಬೇಡ ಅಂದ್ರೆ ಬೇಡ. ಫ್ಲಾಶ್ ಹಾಕ್ಬೇಡಿ. ಒಬ್ಬರ ಕಷ್ಟಕ್ಕೆ ದೈವ ನುಡಿ ಕೊಡುವಾಗ ದಯವಿಟ್ಟು ರೆಕಾರ್ಡ್ ಮಾಡ್ಬೇಡಿ, ಆಸ್ಪತ್ರೆಯಲ್ಲಿ ಡಾಕ್ಟರ ಎದುರು ಅಳುವವರ ವಿಡಿಯೋ ಮಾಡ್ತೇವಾ ನಾವು? ಮತ್ತೆ ಅದರ ಮೇಲೆ ಮ್ಯೂಸಿಕ್ ಹಾಕಿ ರೀಲ್ಸ್ ಮಾಡುವುದು ನೋಡಿದ್ರೆ ನಂಗೆ ಹೊಟ್ಟೆ ಉರೀತದೆ.

ಪ್ರಶ್ನೆ: ಶನಿವಾರ ಒಂದೇ ದಿನ ರಜೆ, ಎಲ್ಲಿಗೆ ಹೋಗುವುದು? (ಮಣಿಪಾಲ)

ನಿಮ್ಮ ಹತ್ರವೇ ಮಲ್ಪೆ ಉಂಟಲ್ವಾ, ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಮಳೆಗಾಲದಲ್ಲಿ ಮಾತ್ರ ಬೋಟ್ ಇಲ್ಲ. ಸೆಲ್ಫಿ ತೆಗ್ದು ವಾಪಸ್ ಬರ್ಬೇಡಿ, ಆ ಕಂಬ ಕಂಬದ ಕಲ್ಲನ್ನು ಕೈಯಲ್ಲಿ ಮುಟ್ಟಿ ನೋಡಿ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆ ಆಗುವ ಕಾಲಕ್ಕೆ, ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ ಉಕ್ಕಿದ ಲಾವಾ ತಣ್ಣಗಾಗಿ ಒಡೆದದ್ದು ಅದು. ಚಾರಣ ಬೇಕಾದ್ರೆ ಕುದುರೆಮುಖ, 1,894 ಮೀಟರ್, ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡುವುದಿಲ್ಲ, ದಿನಕ್ಕೆ ಇಂತಿಷ್ಟೇ ಜನ, ಮೊದಲೇ ಮಾಡಿ ಇಡಿ. ಮಳೆಗಾಲದಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಮಂಗಳೂರು-ಬೆಂಗಳೂರು ಹಗಲು ರೈಲು. ಸುಬ್ರಹ್ಮಣ್ಯ ರೋಡ್ ದಾಟಿ ಸಕಲೇಶಪುರದವರೆಗೆ 57 ಸುರಂಗ, ಒಂದೊಂದರಿಂದ ಹೊರಗೆ ಬಂದಾಗ್ಲೂ ಒಂದು ಹೊಸ ಜಲಪಾತ, ನೆಟ್‌ವರ್ಕೂ ಸಿಗುವುದಿಲ್ಲ.

ಪ್ರಶ್ನೆ: ಆಟಿ ತಿಂಗಳ ಅಮಾವಾಸ್ಯೆ ಕಷಾಯಕ್ಕೆ ನಾನೇ ಹಾಳೆ ಮರದ ಕೆತ್ತೆ (ತೊಗಟೆ) ತರ್ಲಾ? (ಕೊಟ್ಟಾರ)

ಬೇಡ, ಮರದ ಗುರ್ತು ಸರಿಯಾಗಿ ಇಲ್ದಿದ್ರೆ ಖಂಡಿತ ಬೇಡ. ಕಾಸರಕ ಮರದ ಕೆತ್ತೆ ವಿಷ, ಕತ್ತಲೆಯಲ್ಲಿ ಗುರ್ತು ತಪ್ಪಿ ಅದನ್ನು ತಂದು ಕುಡಿದ್ರೆ ಜೀವಕ್ಕೇ ಅಪಾಯ. ಹಿಂದಿನ ದಿನ ಹಗಲಲ್ಲೇ ಗೊತ್ತಿದ್ದ ಹಿರಿಯರನ್ನು ಕರ್ಕೊಂಡು ಹೋಗಿ ಮರ ನೋಡಿ ಬನ್ನಿ, ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಅವ್ರೇ ಕಲ್ಲಲ್ಲಿ ಜಜ್ಜಿ ತೆಗೆದು ಕೊಡ್ಲಿ, ಕತ್ತಿ ತಾಗಿಸುವುದಿಲ್ಲ. ಕುಡಿದ ಮೇಲೆ ಮೆಂತೆ ಗಂಜಿ ಬಿಡ್ಬೇಡಿ.

ಪ್ರಶ್ನೆ: ನನ್ನ ಎಂಟು ವರ್ಷದ ಮಗ ಈ ನವರಾತ್ರಿಗೆ ಹುಲಿ ವೇಷ ಹಾಕ್ತೇನೆ ಅಂತ ಹಠ ಹಿಡಿದಿದ್ದಾನೆ. ನಾವಿಬ್ರೂ ಐಟಿ, ಹಗಲಿಡೀ ಅವನ ಹಿಂದೆ ಹೋಗ್ಲಿಕ್ಕೆ ಆಗ್ಲಿಕ್ಕಿಲ್ಲ. ಎಂತ ಮಾಡುವುದು? (ಮಣ್ಣಗುಡ್ಡ)

ಹಾಕಿಸಿ ತಂಗಿ! ಮಕ್ಕಳ ಆರೋಗ್ಯಕ್ಕೆ ಅಂತ ಹರಕೆ ಹೊತ್ತು ಹಾಕಿಸುವವರು ಎಷ್ಟು ಜನ ಇಲ್ಲಿ. ತಾಸೆ ವಾದ್ಯದ ಪೆಟ್ಟು ಬಿದ್ದ ಕೂಡ್ಲೇ ನಮ್ಮ ಊರಿನ ಮಕ್ಕಳ ಕಾಲು ತಾನಾಗಿ ಎದ್ದೇಳ್ತದೆ, ಅದನ್ನು ತಡೀಬಾರ್ದು. ನಿಮ್ಮ ಪರಿಚಯದ ತಂಡದಲ್ಲಿ ಮರಿಹುಲಿ ಮಾಡಿ ಸೇರಿಸಿ, ಒಂದೇ ದಿನ ಸಾಕು, ಆ ದಿನ ನಿಮ್ಮಿಬ್ಬರಲ್ಲಿ ಒಬ್ರು ರಜೆ ಹಾಕಿ. ಬಣ್ಣ ಒಣಗುವವರೆಗೆ ಕೈ ಅಗಲಿಸಿ ಗಂಟೆಗಟ್ಟಲೆ ನಿಲ್ಬೇಕು, ಕೂತುಕೊಳ್ಳುವ ಹಾಗಿಲ್ಲ, ಆ ಹೊತ್ತಲ್ಲಿ ಅವನಿಗೆ ನೀರು ಕುಡಿಸ್ಲಿಕ್ಕೆ, ಮೂಗು ತುರಿಸಿದ್ರೆ ತುರಿಸಿ ಕೊಡ್ಲಿಕ್ಕೆ ಅಮ್ಮನೋ ಅಪ್ಪನೋ ಎದುರಲ್ಲೇ ಇರ್ಬೇಕು. ವಾರ ಮೊದಲೇ ಅದೇ ಬಣ್ಣ ಸ್ವಲ್ಪ ತಂದು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ, ತುರಿಕೆ ಎದ್ರೆ ತಂಡದವರಿಗೆ ಹೇಳಿ ಬೇರೆ ಬಣ್ಣ ಹಾಕಿಸಿ.