ಸಂಪಾದಕರ ಉತ್ತರ: ಜೆಸಿಬಿ ಬರುವ ಮೊದಲು

ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಪತ್ರ: "ನಮ್ಮ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ದೊಡ್ಡ ಕಲ್ಲುಗಳನ್ನು ದುಂಡಗೆ ಇಟ್ಟ ದಿಬ್ಬವಿದೆ. ಹಿರಿಯರು ಪಾಂಡವರ ಮನೆ ಎನ್ನುತ್ತಾರೆ. ಅಡಿಕೆ ಹಾಕಲು ಜಾಗ ಸಮ ಮಾಡಿಸಬೇಕು. ಅಡಿಯಲ್ಲಿ ನಿಧಿ ಇದೆ ಅಂತ ಕೆಲವರು. ಸರ್ಕಾರಕ್ಕೆ ಹೇಳಿದರೆ ಜಾಗವೇ ಹೋಗುತ್ತದೆ ಅಂತ ಇನ್ನು ಕೆಲವರು. ಏನು ಮಾಡಲಿ?"

ದಯವಿಟ್ಟು ಜೆಸಿಬಿಗೆ ಸದ್ಯ ಬೇಡ ಎಂದು ಹೇಳಿ.

ನೀವು ಹೇಳಿದ ಗುರುತು ನೋಡಿದರೆ ಅದು ಕಬ್ಬಿಣ ಯುಗದ ಸಮಾಧಿ ಇರಬಹುದು. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು. ನಿಧಿಯ ಆಸೆ ಬಿಟ್ಟುಬಿಡಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥ ಚಪ್ಪಡಿ ಗೋರಿಗಳನ್ನು ಅಗೆಸಿದರು. ಹೆಚ್ಚಾಗಿ ಸಿಕ್ಕಿದ್ದು ಮೂಳೆ, ಕಬ್ಬಿಣದ ಹತಾರ, ಒಳಗೆ ಕಪ್ಪು ಹೊರಗೆ ಕೆಂಪು ಇರುವ ಮಡಕೆ. ಕೊಪ್ಪರಿಗೆ ತುಂಬ ಹೊನ್ನಲ್ಲ. ಆದರೆ ಯಾವ ಮೂಳೆಯ ಪಕ್ಕ ಯಾವ ಮಡಕೆ ಇತ್ತು ಎನ್ನುವುದರಲ್ಲೇ ಆ ಜನರ ಬದುಕು ತಿಳಿಯುತ್ತದೆ. ನಿಧಿಗಳ್ಳರು ಒಂದು ರಾತ್ರಿ ಕೆದಕಿದರೆ ಅದೆಲ್ಲ ಹಾಳು. ಇದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೇಲಿನ ಕಲ್ಲುಗಳದ್ದೂ ಇದೇ ಕತೆ. ನಿಮ್ಮ ತಾಲ್ಲೂಕಿನ ಬೈಸೆ, ನಿಲಸ್ಕಲ್ ನೋಡಿದ್ದೀರಲ್ವಾ? ಅಲ್ಲಿ ನೆಟ್ಟ ಕಲ್ಲುಗಳಲ್ಲಿ ಕೆಲವು ಜೋಡಿಗಳ ಗೆರೆ ಹಿಡಿದು ಸಂಶೋಧಕರು ಅಳೆದಿದ್ದಾರೆ. ವರ್ಷದ ಅತಿ ದೀರ್ಘ ಹಗಲಿನ ದಿನ, ಅತಿ ಚಿಕ್ಕ ಹಗಲಿನ ದಿನ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಅವು ಹೊಂದುತ್ತವೆ. ಬೇಲಿಗೆ ಬೇಕು ಅಂತ ಒಂದು ಕಲ್ಲನ್ನು ಕಿತ್ತು ಸರಿಸಿದರೂ ಆ ಲೆಕ್ಕ ಮತ್ತೆ ಸಿಗುವುದಿಲ್ಲ.

ಜಾಗದ ಭಯ ಸಹಜ. ಎಕರೆ ತೋಟ ಎಂದರೆ ಒಂದು ಸಂಸಾರದ ಅನ್ನ. ಆದರೆ ತಿಳಿಸಿದ ಮಾತ್ರಕ್ಕೆ ಜಾಗ ಹೋಗುವುದಿಲ್ಲ. ಪ್ರಾಚೀನ ಸ್ಮಾರಕಗಳ ಬಗೆಗಿನ 1958ರ ಕೇಂದ್ರ ಕಾಯ್ದೆಯಲ್ಲಿ, ಸಂರಕ್ಷಿತ ಎಂದು ಘೋಷಿಸುವ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು, ಆಕ್ಷೇಪ ಕೇಳಬೇಕು. ಘೋಷಣೆಯಾದರೂ ಒಡೆತನ ನಿಮ್ಮಲ್ಲೇ ಇರಬಹುದು. ಸುತ್ತ ಕಟ್ಟುವುದಕ್ಕೆ ನಿರ್ಬಂಧ ಬರುತ್ತದೆ ನಿಜ: ಕೇಂದ್ರದ ಸ್ಮಾರಕವಾದರೆ ನೂರು ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಒಪ್ಪಿಸಲಾರೆ.

ಈಗ ಒಂದು ಕೆಲಸ ಮಾಡಿ. ಜಿಗ್ಗು ಸವರುವಾಗ ಕಲ್ಲು ಅಲುಗಿಸಬೇಡಿ. ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಕೋಲು ಇಟ್ಟರೆ ಅಳತೆ ಗೊತ್ತಾಗುತ್ತದೆ. ಅವನ್ನಿಟ್ಟು ತಹಶೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಅರ್ಜಿ ಬರೆಯಿರಿ, ಸ್ವೀಕೃತಿ ಪಡೆಯಿರಿ. ಅಡಿಕೆಯನ್ನು ದಿಬ್ಬ ಬಿಟ್ಟು ಆಚೆ ಹಾಕಲು ಬರುತ್ತದೆಯೇ, ಅವರು ಬಂದಾಗ ಕೇಳಿ.

ನಿಮ್ಮ ಊರಿನ ಹೆಸರು, ಸರ್ವೆ ನಂಬರು ಎರಡನ್ನೂ ಇಲ್ಲಿ ಬಿಟ್ಟಿದ್ದೇವೆ. ಅಚ್ಚಾದರೆ ಮೊದಲು ಬರುವವರು ಹಾರೆ ಹಿಡಿದೇ ಬಂದಾರು.